ಚಿಲಕ

ಸುಂಟಿಕೊಪ್ಪದ ಶಾಲೆಯಲ್ಲಿ ಇನ್ನೂರ ಹನ್ನೆರಡು ಜನ,
ಹೆಂಗಸರಿಗೆ ಪಾಯಿಖಾನೆ ಎರಡು.
ಒಂದಕ್ಕೆ ನೀರಿಲ್ಲ.
ಇನ್ನೊಂದಕ್ಕೆ ನೀರಿದೆ, ಚಿಲಕವಿಲ್ಲ.

ನಾನು ಆಶಾ. ಹೆಸರಲ್ಲ, ಕೆಲಸ.
ಗುಡ್ಡ ಜಾರಿದ ರಾತ್ರಿ ಮೈಮೇಲಿದ್ದದ್ದು ಗುಲಾಬಿ ಸೀರೆ,
ಆಮೇಲೂ ಅದೇ, ಒಗೆದು, ಹಿಂಡಿ, ಹಸಿಯಲ್ಲೇ ಉಟ್ಟು.
ನನ್ನ ಮನೆಯೂ ಹೋಗಿದೆ ಎಂದು
ಯಾರಿಗೂ ಹೊಳೆಯದಂತೆ ಮಾಡಿದ್ದು ಆ ಸೀರೆ.

ದಾನದ ಲಾರಿಗಳು ಬಂದವು.
ಮೊದಲನೆಯದರಲ್ಲಿ ಬಿಸ್ಕತ್ತು,
ಎರಡನೆಯದರಲ್ಲೂ ಬಿಸ್ಕತ್ತು,
ಮೂರನೆಯದರಲ್ಲಿ ಯಾರದೋ ಮದುವೆಯ ಜರಿ ಲಂಗ,
ಗಂಡಸರ ಪ್ಯಾಂಟು, ಬೆಲ್ಟು, ಒಂದೇ ಕಾಲಿನ ಬೂಟು.

ಹಾಗಾಗಿ ಜೋಡಿಯಾಗಿ ಹೋಗುತ್ತಿದ್ದೆವು.
ಒಬ್ಬಳು ಒಳಗೆ,
ಒಬ್ಬಳು ಹೊರಗೆ, ಬಾಗಿಲು ಎಳೆದು ಹಿಡಿದು.
ಬೊಳ್ಳವ್ವನಿಗೆ ಸೆಲ್ವಿ, ಸೆಲ್ವಿಗೆ ಆಯಿಶುಮ್ಮ.
ತೋಟದ ಧಣಿಯ ತಾಯಿಗೆ ಲೈನುಮನೆಯವಳ ಕಾವಲು.
ಮಳೆ ಅಷ್ಟು ಮಾಡಿತ್ತು.

ಕುಸುಮಾವತಿಗೆ ಹಿಡಿದವಳು ನಾನು.
ಸಂದಿಯಲ್ಲಿ ಕಂಡದ್ದು ಬೆನ್ನು.
ಮನೆ ಬಿದ್ದು ಒಂಬತ್ತು ದಿನ;
ಕಲ್ಲು ಬಡಿದ ಗಾಯವಾದರೆ ಇಷ್ಟು ಹೊತ್ತಿಗೆ
ಹಳದಿಗೆ ತಿರುಗಬೇಕು.
ಇವು ಇನ್ನೂ ನೇರಳೆ.
"ಬೆಲ್ಟು, ಅಕ್ಕ" ಎಂದಳು, ನಾನು ಕೇಳದೆಯೇ.
ಸ್ವಲ್ಪ ಹೊತ್ತು ಬಿಟ್ಟು,
"ಅದೂ ದಾನದ್ದೇ."

ಪರಿಹಾರದ ಮೊದಲ ಕಂತು ಅವನ ಹೆಸರಿಗೆ,
ಕಿಟ್ಟು ಅವನ ಹೆಸರಿಗೆ,
ಅವಳ ಹೆಸರಿದ್ದ ಕಾಗದವೆಲ್ಲ ಮಣ್ಣಿನಡಿ.
ನೋಡಲ್ ಅಧಿಕಾರಿಗೆ ಹೇಳಿದೆ.
ಕೆಟ್ಟವರಲ್ಲ, ಮೂರು ರಾತ್ರಿ ನಿದ್ದೆಗೆಟ್ಟವರು.
ಫಾರಂ ತಿರುವಿ ತಿರುವಿ ನೋಡಿದರು:
ಮನೆ, ಪೂರ್ಣವೋ ಭಾಗಶಃವೋ.
ದನ ಎಷ್ಟು. ಕಾಫಿ ಎಷ್ಟು ಎಕರೆ.
"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಅಲ್ಲವಾಮ್ಮ?"

ಉಣ್ಣಲು ಇಲ್ಲಿ ಕ್ಯೂ, ಸಾರ್.
ಮಲಗಲು ಎರಡಡಿ ಚಾಪೆ, ಅದೂ ಅವನ ಪಕ್ಕ.
ಎನ್ನಬೇಕಿತ್ತು.
ಅನ್ನಲಿಲ್ಲ. ಹಾರ್ಡ್‌ವೇರ್ ಅಂಗಡಿಗೆ ನಡೆದೆ.

ಚಿಲಕಕ್ಕೆ ನಲವತ್ತೈದು ರೂಪಾಯಿ, ತಿರುಪು ನಾಲ್ಕು ಪುಕ್ಕಟೆ.
ಸೆಲ್ವಿ ಮೀನಿನ ಕತ್ತಿಯ ತುದಿಯಲ್ಲಿ ತಿರುವಿ ಕೂರಿಸಿದಳು.
ಬಿಲ್ಲು ಇನ್ನೂ ನನ್ನ ಪರ್ಸಿನಲ್ಲಿದೆ.

ಆ ಸಂಜೆ ಮೂವತ್ತು ಫೋನುಗಳ ಬಳ್ಳಿಯಿಂದ
ನನ್ನದನ್ನು ಬಿಡಿಸಿ ಅವಳ ಕೈಗಿಟ್ಟೆ.
ಒಂದು, ಎಂಟು, ಒಂದು. ಅಷ್ಟೇ, ಒತ್ತು.
ಒಳಗೆ ಹೋದಳು.
ಟಕ್.
ಹದಿನಾಲ್ಕು ವರ್ಷದ ಸಂಸಾರದಲ್ಲಿ
ಅವಳ ಕಡೆಯಿಂದ ಹಾಕಿದ ಮೊದಲ ಚಿಲಕವಂತೆ ಅದು,
ಆಮೇಲೆ ಹೇಳಿದಳು.

ಮಾತು ಕೇಳದಿರಲೆಂದು ನಲ್ಲಿ ಬಿಟ್ಟಳು.
ಅರ್ಧ ಗಂಟೆ.
ಹೊರಗೆ ಹನ್ನೊಂದು ಹೆಂಗಸರ ಸಾಲು;
ಬಾಗಿಲು ಬಡಿದವರಿಲ್ಲ.
ಬೊಳ್ಳವ್ವ, ಸಕ್ಕರೆ ಕಾಯಿಲೆಯವರು,
ಕಾಲು ಬದಲಿಸುತ್ತ ನಿಂತರು.
ಅವನು ಬಂದ. "ಎಲ್ಲಿ ಅವಳು?"
"ಹೊಟ್ಟೆ ಕೆಟ್ಟಿದೆ" ಎಂದಳು ಆಯಿಶುಮ್ಮ,
"ನಮ್ಮೆಲ್ಲರದ್ದೂ."

ಮಡಿಕೇರಿಯ ಸಖಿ ಕೇಂದ್ರದಿಂದ ಜೀಪು ಹೊರಟಿದೆ, ಎಂದರು.
ರಸ್ತೆ ಇಲ್ಲ, ಸಿದ್ದಾಪುರದ ಮೇಲಿಂದ ಸುತ್ತಬೇಕು, ಎಂದರು.
ನಾಳೆ, ಎಂದರು. ನಾಳೆ ನಾಡಿದ್ದಾಯಿತು.
ಆ ಎರಡು ರಾತ್ರಿ
ಏಳನೇ ತರಗತಿಯ ಕೋಣೆಯಲ್ಲಿ
ಚಾಪೆಗಳು ತಾವಾಗಿಯೇ ಸರಿದುಕೊಂಡವು.
ನಡುವೆ ಅವಳು,
ಸುತ್ತಲೂ ಮುದುಕಿಯರು, ಗೊರಕೆಯ ಬೇಲಿ.

ಜೀಪು ಬಂತು. ಹತ್ತಿದಳು.
ಮೂರು ತಿಂಗಳ ಮೇಲೆ ಯಾರೋ
ಕುಶಾಲನಗರದ ಸಂತೆಯಲ್ಲಿ ಅವನ ಜೊತೆ ಕಂಡೆವೆಂದರು.
ಅವಳಲ್ಲ ಬಿಡಿ, ಅವಳು ಮೈಸೂರಿನಲ್ಲಿ
ಹೊಲಿಗೆ ಕಲಿಯುತ್ತಿದ್ದಾಳೆ ಎಂದರು ಇನ್ಯಾರೋ.
ನಾನು ಹುಡುಕಿ ಹೋಗಲಿಲ್ಲ.
ನನ್ನ ನಂಬರು ಅವಳಿಗೆ ಬಾಯಿಪಾಠ.

ಮೊನ್ನೆ ಪೋಲಿಯೋ ಹನಿ ಹಾಕಲು ಶಾಲೆಗೆ ಹೋದಾಗ
ಹೆಡ್‌ಮಾಸ್ಟರು ದೂರಿದರು:
ಹುಡುಗಿಯರು ಒಳಗೆ ಹೊಕ್ಕರೆ ಬೇಗ ಹೊರಗೆ ಬರುವುದಿಲ್ಲ,
ಆ ಚಿಲಕ ತುಕ್ಕು ಹಿಡಿದು ಬಿಗಿಯಾಗಿದೆ,
ಕೀಳಿಸಿಬಿಡಲೇ?

ಎಣ್ಣೆ ಬಿಡಿಸಿ ಸಾರ್, ಎಂದೆ.